ಒಂದು ಕಿಲೋ ಚಿಲ್ಲರೆ ಕಡಿಮೆ

ದಪ್ಪಗಿದ್ದೀರಿ ಅಂತ ಊರಿಗೆ ಊರೇ ಹೇಳುತ್ತದೆ. ಮದುವೆ ಮನೆಯಲ್ಲಿ ಬಡಿಸುವವರೂ ಹೇಳುತ್ತಾರೆ, ಹೇಳಿಯೇ ಇನ್ನೊಂದು ಹೋಳಿಗೆ ಹಾಕುತ್ತಾರೆ. ನೀವು ಸಾಕಷ್ಟು ದಪ್ಪಗಿಲ್ಲ ಅಂತ ಕಾಗದದಲ್ಲಿ ಬರೆದು ಕೊಡುವ ಧೈರ್ಯ ಮಾತ್ರ ವಿಮೆ ಕಂಪನಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ.

ಕೇರಳದ ಕಾಸರಗೋಡಿನಲ್ಲಿ ಬದಿಯಡ್ಕದ ಕಡೆಯ ನಮ್ಮ ಭಾವನಿಗೆ ಹಿಂದೊಮ್ಮೆ ಮಂಗಳೂರಿನಲ್ಲಿ ಸ್ಲೀವ್ ಆಪರೇಷನ್ ಆಗಿತ್ತು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡಿ ಬಿಡುತ್ತಾರೆ. ಆಗ ಭಾವ 118 ಕಿಲೋ. ಕಂಪನಿ ಸಂತೋಷದಿಂದ ದುಡ್ಡು ಕೊಟ್ಟಿತ್ತು. ತೂಕ ಇಳಿಯಿತು, ಸಕ್ಕರೆ ಹತೋಟಿಗೆ ಬಂತು. ಆಮೇಲೆ ಎರಡೂ ಮೆಲ್ಲಗೆ ವಾಪಸ್ ಬಂದವು. ಜೊತೆಗೆ ರಾತ್ರಿ ಮಲಗಿದರೆ ಗಂಟಲವರೆಗೂ ಉಕ್ಕುವ ಹುಳಿತೇಗು. ಸ್ಲೀವ್ ಆದ ಕೆಲವರಿಗೆ ಹೀಗಾಗುವುದುಂಟು. ಆಗ ಅದನ್ನು ಜಠರದ ಬೈಪಾಸ್‌ಗೆ ಬದಲಾಯಿಸುತ್ತಾರೆ, ತಿಂದದ್ದು ಜಠರದ ಬಹುಪಾಲನ್ನು ಬಿಟ್ಟು ಕರುಳಿಗೆ ಇಳಿಯುವ ಹಾಗೆ. ರಿವಿಷನ್ ಸರ್ಜರಿ ಅನ್ನುತ್ತಾರೆ. ಒಮ್ಮೆ ಕೊಯ್ದ ಜಾಗದಲ್ಲಿ ಅಂಟಿಕೊಂಡದ್ದನ್ನೆಲ್ಲ ಬಿಡಿಸಿಕೊಂಡು ಮಾಡಬೇಕು. ಹೊತ್ತೂ ಜಾಸ್ತಿ, ಬಿಲ್ಲೂ ಜಾಸ್ತಿ.

"ಪಾಲಿಸಿ ಉಂಟಲ್ಲ, ಹೆದರುವುದು ಯಾಕೆ?" ಅಂದರು ಭಾವ.

ಪಾಲಿಸಿಯೇನೋ ಉಂಟು. ಅದರೊಳಗೆ ಎಕ್ಸ್‌ಕ್ಲೂಷನ್ ಕೋಡ್ 06 ಕೂಡ ಉಂಟು, ಅಂದರೆ ಯಾವಾಗ ದುಡ್ಡು ಕೊಡುವುದಿಲ್ಲ ಅನ್ನುವ ಷರತ್ತು. ವಿಮೆ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರ ಮಾಡಿ ಕೊಟ್ಟ ನಿಯಮ. ಬೊಜ್ಜಿನ ಆಪರೇಷನ್‌ಗೆ ದುಡ್ಡು ಬೇಕಾದರೆ ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ ಲೆಕ್ಕ, 40 ಇರಬೇಕು. ಇಲ್ಲವಾದರೆ 35 ಇದ್ದು, ಜೊತೆಗೆ ಹೃದಯದ ಕಾಯಿಲೆಯೋ, ನಿದ್ದೆಯಲ್ಲಿ ಉಸಿರು ಕಟ್ಟುವ ಜೋರು ತೊಂದರೆಯೋ, ಹತೋಟಿಗೆ ಬಾರದ ಸಕ್ಕರೆಯೋ ಇರಬೇಕು. ಕೊಯ್ಯದೆ ಮಾಡುವ ಉಪಾಯಗಳು ಸೋತಿರಬೇಕು. ಹುಳಿತೇಗು ಆ ಪಟ್ಟಿಯಲ್ಲಿ ಇಲ್ಲ. ಭಾವನ ಸಕ್ಕರೆ ಇತ್ತು, ಪುಣ್ಯಕ್ಕೆ.

ಮೊದಲ ಸಲ ಡಾಕ್ಟರಿಗೆ ತೋರಿಸಿದಾಗ ಭಾವ 102.5 ಕಿಲೋ. ಎತ್ತರ 170 ಸೆಂಟಿಮೀಟರ್. ಬಿಎಂಐ 35.5ರ ಹತ್ತಿರ. ಪಾಸ್! ಆದರೆ ಆಪರೇಷನ್‌ಗೆ ಮೊದಲು ಲಿವರ್ ಸಣ್ಣದಾಗಬೇಕು, ಆಗಲೇ ಒಳಗೆ ಕೈಯಾಡಿಸಲು ಜಾಗ ಸಿಗುವುದು. ಅದಕ್ಕೆ ಎರಡು ವಾರ ಪಥ್ಯ ಬರೆದುಕೊಟ್ಟರು. ಭಾವ ಜೀವಮಾನದಲ್ಲೇ ಮೊದಲ ಬಾರಿಗೆ ಪಥ್ಯವನ್ನು ಶ್ರದ್ಧೆಯಿಂದ ಮಾಡಿದರು. ಪತ್ರೊಡೆ ಎದುರಿಗಿಟ್ಟರೂ ಮುಟ್ಟಲಿಲ್ಲ. ಅಡ್ಮಿಟ್ ಆಗುವ ದಿನ ತೂಕದ ಯಂತ್ರ ಹತ್ತುವ ಮೊದಲು ಬೆಲ್ಟ್, ಮೊಬೈಲ್, ಕಿಸೆಯಲ್ಲಿದ್ದ ಬೀಗದ ಕೈ ಗೊಂಚಲು, ಎಲೆಅಡಿಕೆ ಚೀಲ ಎಲ್ಲ ತೆಗೆದು ಅಕ್ಕನ ಕೈಯಲ್ಲಿ ಕೊಟ್ಟರು. ಸರಿಯಾಗಿ 100 ಕಿಲೋ. ನರ್ಸ್ ಹೊಗಳಿದರು. ಭಾವ ಬೀಗಿದರು.

ಸಂಜೆಗೆ ರಿಜೆಕ್ಟ್ ಆಗಿ ಬಂತು. ದಾಖಲಾದ ದಿನದ ಬಿಎಂಐ 34.6. ಒಂದು ಕಿಲೋ ನೂರೈವತ್ತು ಗ್ರಾಂ ಕಡಿಮೆ.

ಪಥ್ಯ ಮಾಡಿ ಸೋತದ್ದಕ್ಕೆ ದಾಖಲೆ ಕೇಳಿದ್ದವರೇ, ಪಥ್ಯ ಗೆದ್ದದ್ದಕ್ಕೆ ದುಡ್ಡು ಇಲ್ಲ ಅಂದರು. ಆ ಬೀಗದ ಕೈ ಗೊಂಚಲನ್ನಾದರೂ ಕಿಸೆಯಲ್ಲೇ ಇಟ್ಟುಕೊಳ್ಳಬಾರದಿತ್ತಾ ಅಂತ ಅಕ್ಕ ಈಗಲೂ ಬೈಯುತ್ತಾಳೆ. ಒಬ್ಬ ನೆಂಟರು ಇನ್ನೂ ಒಳ್ಳೆಯ ಸಲಹೆ ಕೊಟ್ಟರು: "ಡಿಸ್ಚಾರ್ಜ್ ಮಾಡಿಸಿ. ಈ ವಾರ ಎರಡು ಉಪನಯನ ಉಂಟು. ಸೋಮವಾರ ಪುನಃ ತೂಕ ನೋಡಿದರಾಯಿತು."

ಈ 40 ಮತ್ತು 35 ಎಲ್ಲಿಂದ ಬಂತು ಗೊತ್ತಾ? 1991ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಅಲ್ಲಿನವರಿಗೆ ಹೇಳಿದ್ದೂ ಇದೇ 40, ಇದೇ 35. ನಮ್ಮವರಿಗೆ ಕಡಿಮೆ ತೂಕಕ್ಕೇ ಸಕ್ಕರೆ ಹಿಡಿಯುತ್ತದೆ ಅಂತ ಭಾರತದ ಬೊಜ್ಜು ಸರ್ಜನ್‌ಗಳ ಸಂಘ ಅದನ್ನು 37.5 ಮತ್ತು 32.5ಕ್ಕೆ ಇಳಿಸಿ ಎಷ್ಟೋ ಕಾಲವಾಯಿತು. 2022ರಲ್ಲಿ ಅಮೆರಿಕದ ಸರ್ಜನ್‌ಗಳೇ ತಮ್ಮ ಹಳೆ ಲೆಕ್ಕ ಬಿಟ್ಟರು. ಪಾಲಿಸಿ ಬಿಡಲಿಲ್ಲ. ಹಾಗಾಗಿ ನಮ್ಮ ಡಾಕ್ಟರ ಲೆಕ್ಕದಲ್ಲಿ ಭಾವ ಆರು ಕಿಲೋ ಜಾಸ್ತಿ, ಪಾಲಿಸಿ ಲೆಕ್ಕದಲ್ಲಿ ಒಂದು ಕಿಲೋ ಕಡಿಮೆ. ಮನುಷ್ಯ ಮಾತ್ರ ಒಬ್ಬನೇ, ಅದೇ ಮಂಚದಲ್ಲಿ ಕೂತು ತೇಗುತ್ತಿದ್ದ.

ದೂರು ಕೊಡಬಹುದಲ್ಲ ಅಂದೆ. ಕೊಡಬಹುದು. ಮೊದಲು ಕಂಪನಿಗೇ ಬರೆದು ಒಂದು ತಿಂಗಳು ಕಾಯಬೇಕು. ಆಮೇಲೆ ವಿಮೆ ತಕರಾರು ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಶುಲ್ಕ ಇಲ್ಲ, 50 ಲಕ್ಷದವರೆಗೂ ಕೊಡಿಸುವ ಅಧಿಕಾರ ಉಂಟು. ಆದರೆ ಕೇರಳದವರಿಗೆ ಆ ಕಚೇರಿ ಇರುವುದು ಕೊಚ್ಚಿಯಲ್ಲಿ. ಹೊಟ್ಟೆ ಕೊಯ್ಯಿಸಲು ಬಡಗು ದಿಕ್ಕಿಗೆ ಮಂಗಳೂರು, ನ್ಯಾಯ ಕೇಳಲು ತೆಂಕಿಗೆ ಕೊಚ್ಚಿ. ಕಾಸರಗೋಡಿನವರ ಹಣೆಬರಹವನ್ನು ಊರನ್ನು ಕೇರಳಕ್ಕೆ ಸೇರಿಸಿದ 1956ರಲ್ಲೇ ಬರೆದು ಮುಗಿಸಿದ್ದಾರೆ. 2020ರ ಕೊರೊನಾದಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸೇ ದಾಟಲಿಲ್ಲ, ಇನ್ನು ಫೈಲು ದಾಟುತ್ತದಾ? ಇಲ್ಲೇ ಕಾಸರಗೋಡಿನ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದವರು ನಮ್ಮ ಹೊಟ್ಟೆಯ ಬಗ್ಗೆ ಅಷ್ಟೇನೂ ಅವಸರ ತೋರಿಸಿಲ್ಲ, ಅದು ಬೇರೆ ಮಾತು.

ಕೊನೆಗೆ ಭಾವ ಅಟ್ಟದಲ್ಲಿ ಇಟ್ಟಿದ್ದ ಡಬ್ಬಲ್ ಚೋಲ್ ಅನ್ನುವ ಹಳೆ ಅಡಿಕೆ ಮಾರಿದರು. ಸಾಲಲಿಲ್ಲ. ಅಕ್ಕನ ಬಳೆ ಸಹಕಾರಿ ಬ್ಯಾಂಕಿನ ತಕ್ಕಡಿ ಹತ್ತಿತು. ಅಲ್ಲಿ ಮಾತ್ರ ತೂಕ ಸರಿ ಬಂತು, ತಕರಾರು ಮಾಡದೆ ದುಡ್ಡು ಎಣಿಸಿದರು. ಆಪರೇಷನ್ ಆಯಿತು. ಈಗ ಹುಳಿತೇಗಿಲ್ಲ, ಸಕ್ಕರೆ ಮಾತ್ರೆ ಅರ್ಧ.

ಮೊನ್ನೆ ರಿನೀವಲ್‌ಗೆ ಫೋನ್ ಬಂತು. ತೂಕ ಇಳಿಸಿಕೊಂಡವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಇದೆಯಂತೆ. ಆರೋಗ್ಯವೇ ಭಾಗ್ಯ ಅಂತ ಆ ಹುಡುಗಿ ಎರಡು ಸಲ ಹೇಳಿದಳು.

"ಈಗ ನಿಮ್ಮ ತೂಕ ಎಷ್ಟು ಸರ್?"

"ನಿಮಗೆ ಎಷ್ಟು ಬೇಕು?" ಅಂತ ಕೇಳಿದರು ಭಾವ.