ಜಾನ್ಸನ್ ಸಾಹೇಬರ ಮುನಿಸು

ಹಳೆಯ ಕಾಲದ ಲೇಖಕರ ವರ್ಣಚಿತ್ರಗಳನ್ನು ನೋಡಿದಾಗಲೆಲ್ಲ ನನಗೊಂದು ಸಂಶಯ: ಇವರೆಲ್ಲ ಓದುತ್ತಿದ್ದದ್ದು ಯಾವಾಗ? ಕೈಯಲ್ಲಿ ಗರಿಯ ಲೇಖನಿ, ಹಿಂದೊಂದು ಪರದೆ, ದೃಷ್ಟಿ ಮಾತ್ರ ಚೌಕಟ್ಟಿನಾಚೆ ಎಲ್ಲೋ. ಪುಸ್ತಕವಿದ್ದರೂ ಅದರೊಳಗೊಂದು ಬೆರಳು ಸಿಕ್ಕಿಸಿಕೊಂಡಿರುತ್ತಾರೆ, ಚಿತ್ರಕಾರ ಮೊದಲು ತೊಲಗಲಿ ಎನ್ನುವಂತೆ.

ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ನರನ್ನು ಅವರ ಗೆಳೆಯ, ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಕೂಡ ಮೊದಲು ಹೀಗೇ ಕೂರಿಸಿದ್ದ. 1755ರಲ್ಲಿ ಜಾನ್ಸನ್ನರ ಇಂಗ್ಲಿಷ್ ನಿಘಂಟು ಹೊರಬಂದಿತ್ತು, ಅದರ ಬೆನ್ನಿಗೇ ಬರೆದ ಚಿತ್ರ. ಕುರ್ಚಿ, ಗರಿ, ಗಾಂಭೀರ್ಯ ಯಾವುದಕ್ಕೂ ಕೊರತೆಯಿಲ್ಲ. ಆದರೆ 1775ರ ಸುಮಾರಿಗೆ ಅದೇ ಗೆಳೆಯ ಬರೆದ ಇನ್ನೊಂದು ಚಿತ್ರದಲ್ಲಿ ಸಾಹೇಬರು ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ. ಪುಸ್ತಕವನ್ನು ಮುಖದ ಹತ್ತಿರ ಹಿಡಿದು, ಕಣ್ಣು ಕಿರಿದುಮಾಡಿ ಓದುತ್ತಿದ್ದಾರೆ. ರಟ್ಟನ್ನು ಹಿಂದಕ್ಕೆ ಮಡಚಿದ ರೀತಿ ನೋಡಿದರೆ ಒದ್ದೆ ಬಟ್ಟೆ ಹಿಂಡುತ್ತಿದ್ದಾರೇನೋ ಅನಿಸಬೇಕು.

ಚಿಕ್ಕಂದಿನಿಂದಲೇ ಅವರ ದೃಷ್ಟಿ ಮಂದ, ಎಡಗಣ್ಣಂತೂ ಇದ್ದೂ ಇಲ್ಲದಂತೆ. ಸ್ನೇಹಿತರಾದ ಥ್ರೇಲ್ ದಂಪತಿಯ ಮನೆಯಲ್ಲಿದ್ದಾಗ ಮೇಣದಬತ್ತಿಗೆ ಬಗ್ಗಿ ಓದಿ ಓದಿ ವಿಗ್ಗಿನ ಮುಂದಲೆ ಸುಟ್ಟುಹೋಗುತ್ತಿತ್ತು. ಊಟದ ಹೊತ್ತಿಗೆ ಆಳು ಬೇರೊಂದು ಒಳ್ಳೆಯ ವಿಗ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದನಂತೆ. ಮಹಾ ಪಂಡಿತರ ಸೇವೆಯಲ್ಲಿ ಇಂಥ ಉದ್ಯೋಗಗಳೂ ಇರುತ್ತವೆ.

ಚಿತ್ರ ಕಂಡು ಸಾಹೇಬರು ಮುನಿದರು. ಗೆಳೆಯನ ಊನವನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಯಾವ ಸ್ನೇಹ? ರೆನಾಲ್ಡ್ಸ್ ತನಗೇನೂ ರಿಯಾಯಿತಿ ಕೊಟ್ಟುಕೊಂಡಿರಲಿಲ್ಲ. ಕಿವಿ ಮಂದವಾಗಿದ್ದ ಅವನು ಕಿವಿಗೆ ಕೈ ಆನಿಸಿಕೊಂಡಿರುವಂತೆಯೇ ತನ್ನನ್ನೂ ಬರೆದುಕೊಂಡಿದ್ದ. ಅವನು ಬೇಕಾದರೆ ಕಿವುಡನಾಗಿ ಕಾಣಲಿ, ನಾನು ಮಾತ್ರ 'ಬ್ಲಿಂಕಿಂಗ್ ಸ್ಯಾಮ್' (ಕಣ್ಣು ಕಿರಿದುಮಾಡುವ ಸ್ಯಾಮ್) ಆಗಲಾರೆ ಅಂದುಬಿಟ್ಟರು ಸಾಹೇಬರು. ಚಿತ್ರಕ್ಕೆ ಆ ಹೆಸರೇ ಖಾಯಮ್ಮಾಯಿತು!

ಮುನಿಸು ನ್ಯಾಯವೇ. ನಮ್ಮ ಗುಂಪು ಫೋಟೋದಲ್ಲಿ ಕಣ್ಣು ಮುಚ್ಚಿದ್ದರೆ ನಾವೂ ಇನ್ನೊಂದು ತೆಗೆಸುತ್ತೇವೆ. ಆದರೂ ನನ್ನ ಓಟು ರೆನಾಲ್ಡ್ಸ್‌ಗೆ. ಸಾಹೇಬರಿಗೆ ಅಲ್ಲಿ ತಮ್ಮ ಕಣ್ಣು ಕಂಡಿತು, ನನಗೆ ಕಾಣುವುದು ಹಸಿವು. ಗರಿ ಹಿಡಿದ ಚಿತ್ರದಲ್ಲಿ ನಿಘಂಟು ಬರೆದ ದೊಡ್ಡ ಮನುಷ್ಯನಿದ್ದಾನೆ. ಆ ನಿಘಂಟಿಗಾಗಿ ಸಾಲುಸಾಲು ಪುಸ್ತಕ ಜಾಲಾಡಿದವನು ಸಿಗುವುದು ಇಲ್ಲಿ. ಓದುವವನ ಮುಖ ಯಾರಿಗಾಗಿಯೂ ಸಜ್ಜಾಗಿರುವುದಿಲ್ಲ. ಅದನ್ನು ಕದ್ದು ನೋಡುವ ಸಲಿಗೆ ಹಳೆಯ ಗೆಳೆಯನಿಗಲ್ಲದೆ ಇನ್ನಾರಿಗೆ?

ಚಿತ್ರ ಈಗಿರುವುದು ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿಯಲ್ಲಿ. ಅಪರೂಪದ ಹಳೆಯ ಪುಸ್ತಕಗಳಿಗೆ ಹೆಸರಾದ ಜಾಗ. ಅಲ್ಲಿನ ಪುಸ್ತಕವನ್ನು ಸಾಹೇಬರು ಹಾಗೆ ಮಡಚಿ ಹಿಡಿದರೆ ಮರುನಿಮಿಷ ಹೊರಗೆ ಕಳಿಸುತ್ತಾರೆ.