ಕಲಕಿದ ಮಾತ್ರಕ್ಕೆ ಗ್ರಾಫೀನ್ ಆಗುವುದಿಲ್ಲ
ಗ್ರಾಫೈಟ್ ಪುಡಿಯನ್ನು ದ್ರಾವಕದಲ್ಲಿ ಕಲಕಿದರೆ ಗ್ರಾಫೀನ್, ಅಂದರೆ ಗ್ರಾಫೈಟಿನ ಒಂದೇ ಪರಮಾಣು ದಪ್ಪದ ಪದರ, ಸಿದ್ಧ ಎಂದು ಗ್ರಾಫೀನ್ ತಯಾರಿಕೆಯ ಕುರಿತ ಲೇಖನ ಹೇಳಿ ಮುಗಿಸಿದೆ. ಅಷ್ಟು ಸುಲಭವಲ್ಲ. ಪದರಗಳು ಬಿಡಿಸಿಕೊಂಡರೆ ಸಾಲದು, ಮತ್ತೆ ಅಂಟಿಕೊಳ್ಳದಂತೆ ದ್ರಾವಕ ತಡೆಯಬೇಕು. 2008ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್ಮನ್ ತಂಡ ಎನ್‌ಎಂಪಿ (ಎನ್-ಮೀಥೈಲ್ ಪಿರೋಲಿಡೋನ್) ಎಂಬ ದ್ರಾವಕ ಬಳಸಿದ್ದು ಇದಕ್ಕೇ. ಅದರ ಮೇಲ್ಮೈ ಎಳೆತ, ಮೀಟರಿಗೆ ಸುಮಾರು 40 ಮಿಲಿನ್ಯೂಟನ್, ಗ್ರಾಫೀನಿಗೆ ಹೊಂದುತ್ತದೆ. ನೀರಿನದು 72. ಸರ್ಫ್ಯಾಕ್ಟಂಟ್ (ಸಾಬೂನಿನಂಥ ವಸ್ತು) ಬೆರೆಸದಿದ್ದರೆ ನೀರಿನಲ್ಲಿ ಚೂರುಗಳು ಮತ್ತೆ ಒಟ್ಟುಗೂಡಿ ತಳ ಸೇರುತ್ತವೆ. ಶ್ರವಣಾತೀತ ತರಂಗ ಹಾಯಿಸಿ, ದಪ್ಪ ಚೂರುಗಳನ್ನು ಬೇರ್ಪಡಿಸಲು ಸೆಂಟ್ರಿಫ್ಯೂಜ್‌ನಲ್ಲಿ ವೇಗವಾಗಿ ತಿರುಗಿಸಿದ ಮೇಲೆ ಉಳಿಯುವ ಬೂದುಗಪ್ಪು ದ್ರವದಲ್ಲೂ ಒಂಟಿ ಪದರಗಳು ಕಡಿಮೆ, ಕೆಲವು ಪದರ ಕೂಡಿಕೊಂಡ ಚೂರುಗಳೇ ಹೆಚ್ಚು. ಎನ್‌ಎಂಪಿ ಕುದಿಯುವುದು 202 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಅದನ್ನು ಪೂರ್ತಿ ಹೊರಹಾಕುವುದು ಕಷ್ಟ. ಗರ್ಭಸ್ಥ ಶಿಶುವಿಗೂ ಅದು ಹಾನಿಕರ. ಈ ಎಚ್ಚರಿಕೆಯನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ.