ಬಿರಡೆ ಪುರಾಣ

ಟೊಪ್ಪಿ ಕೈಗೆ ಬಂತು, ಕಾರ್ಕು ಬಾಟಲಿಯ ಕುತ್ತಿಗೆಯಲ್ಲೇ ಕೂತಿತು. ಮಂಗಳೂರಿನ ಬಿಜೈಯ ಫ್ಲ್ಯಾಟಾಗಲಿ, ಕಾಪುವಿನ ಹಂಚಿನ ಮನೆಯಾಗಲಿ, ಹತ್ತು ಹದಿನೈದು ವರ್ಷ ಶೋಕೇಸಿನಲ್ಲಿ ಮೆರೆದ ಸ್ಕಾಚ್ ಬಾಟಲಿಯನ್ನು ಕಡೆಗೂ ತೆರೆಯುವ ಶುಭಗಳಿಗೆಯಲ್ಲಿ ಆಗುವುದು ಇದೇ. ಕಾಣೆ ಮೀನಿನ ಫ್ರೈ ತಣಿಯುತ್ತಿರುತ್ತದೆ, ಗ್ಲಾಸಿನಲ್ಲಿ ಐಸು ಕರಗುತ್ತಿರುತ್ತದೆ. ಒಬ್ಬರು ಸ್ಕ್ರೂಡ್ರೈವರ್ ತರುತ್ತಾರೆ, ಇನ್ನೊಬ್ಬರು ತಲೆಪಿನ್ನು. ಐದು ನಿಮಿಷದಲ್ಲಿ ಕಾರ್ಕಿನ ಅರ್ಧ ಪುಡಿಯಾಗಿ ವಿಸ್ಕಿಯ ಮೇಲೆ ತೇಲುತ್ತದೆ, ಉಳಿದರ್ಧ ಗಾಜು ಬಿಟ್ಟು ಕದಲುವುದಿಲ್ಲ. "ಎಂಥ ಸಾವು ಮಾರಾಯ್ರೆ, ಇಷ್ಟು ದುಡ್ಡು ಕೊಟ್ಟು..." ಎಂದು ಶುರುವಾದ ಬೈಗುಳ ಕಂಪನಿಗೆ, ದುಬೈಯ ಅಂಗಡಿಗೆ, ತಂದುಕೊಟ್ಟ ಭಾವನಿಗೆ ಸರದಿಯಲ್ಲಿ ಸಲ್ಲುತ್ತದೆ. ಬಾಟಲಿಯನ್ನು ಅಲ್ಲಿ ಇಟ್ಟವರಿಗೆ ಮಾತ್ರ ಸಲ್ಲುವುದಿಲ್ಲ.

ಇಟ್ಟದ್ದು ಕುಡಿಯಲಿಕ್ಕಲ್ಲವಂತೆ, ಇನ್ವೆಸ್ಟ್‌ಮೆಂಟಂತೆ. ಬಜ್ಪೆಯಲ್ಲಿ ಇಳಿಯುವ ಗಲ್ಫಿನವರು ತಲೆಗೆ 2 ಲೀಟರಿನ ಲೆಕ್ಕದಲ್ಲಿ ಸುಂಕವಿಲ್ಲದೆ ತಂದದ್ದು ಮನೆಮನೆಯ ಗಾಜಿನ ಕಪಾಟಿನಲ್ಲಿ ಹಾಗೆ ಜಮೆಯಾಗಿದೆ. "ಹನ್ನೆರಡು ವರ್ಷದ್ದು ತಂದದ್ದು ಭಾವ, ಹತ್ತು ವರ್ಷ ಆಯಿತು, ಈಗ ಇಪ್ಪತ್ತೆರಡು ವರ್ಷದ ಮಾಲು" ಎಂದು ಲೆಕ್ಕ ಒಪ್ಪಿಸುವವರಲ್ಲಿ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರೂ ಇದ್ದಾರೆ ಎಂಬುದೇ ಸಂಕಟ. ವಿಸ್ಕಿಗೆ ವಯಸ್ಸಾಗುವುದು ಓಕ್ ಮರದ ಪೀಪಾಯಿಯಲ್ಲಿ. ಗಾಜಿನೊಳಗೆ ಹೊಕ್ಕ ದಿನ ಅದರ ವಯಸ್ಸು ನಿಂತಿತು. ಲೇಬಲಿನ ಮೇಲಿನ 12 ಎಂದರೆ ಅದರೊಳಗೆ ಸೇರಿದ ಅತಿ ಎಳೆಯ ವಿಸ್ಕಿಯ ವಯಸ್ಸು. ಅದು ನಿಮ್ಮ ಮೊಮ್ಮಗನ ಮದುವೆಯ ದಿನವೂ 12 ಆಗಿಯೇ ಇರುತ್ತದೆ.

ಹಾಗಾದರೆ ಯಾವ ಡಿಸ್ಟಿಲರಿಯದ್ದು ಕೊಂಡಿಟ್ಟರೆ ಬೆಲೆ ಏರುತ್ತದೆ ಎಂದು ಕೇಳುವವರಿಗೆ ಉತ್ತರ ಹೇಳಲೆಂದೇ ಇದನ್ನು ಬರೆಯಲು ಕೂತದ್ದು. ಅದಕ್ಕೆ ಬರುವ. ಮೊದಲು ಈ ಕಾರ್ಕಿನದ್ದೊಂದು ಮುಗಿಸಿಬಿಡುವ.

ಕಾರ್ಕು ಓಕ್ ಜಾತಿಯದೇ ಒಂದು ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಹೆಚ್ಚುಕಡಿಮೆ ಅರ್ಧ ಪೋರ್ಚುಗಲ್ಲಿನದ್ದು. ಸಸಿ ನೆಟ್ಟು ಸುಮಾರು 25 ವರ್ಷಕ್ಕೆ ಮೊದಲ ಸಲ ತೊಗಟೆ ಸುಲಿಯುತ್ತಾರೆ. ಅದು ಒರಟು, ಬಿರಡೆಗೆ ಬಾರದು. ಆಮೇಲೆ 9 ವರ್ಷಕ್ಕೊಮ್ಮೆ. ಎರಡನೆಯ ಸುಲಿಗೆಯೂ ಸಾಲದು, ಮೂರನೆಯದರಿಂದ ಬಾಟಲಿಗೆ ತಕ್ಕ ಕಾರ್ಕು ಸಿಗುತ್ತದೆ. ಅಂದರೆ ಮರಕ್ಕೆ 43 ವರ್ಷವಾಗಬೇಕು. ಸುಲಿದ ಮೇಲೆ ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆದಿಡುತ್ತಾರೆ. 4 ಎಂದು ಬರೆದಿದ್ದರೆ 2024ರಲ್ಲಿ ಸುಲಿದದ್ದು, ಇನ್ನು 2033ರವರೆಗೆ ಕೊಡಲಿ ತಾಗಿಸುವಂತಿಲ್ಲ. ಹನ್ನೆರಡು ವರ್ಷದ ವಿಸ್ಕಿ ಎಂದು ಹೊಗಳುತ್ತೇವಲ್ಲ, ಅದರ ಬಾಯಿಗೆ ತುರುಕಿದ ವಸ್ತು ಬಂದದ್ದು ವಿಸ್ಕಿಗಿಂತ ಮೂರು ಪಾಲು ಹಿರಿಯ ಮರದಿಂದ. ಆದರೆ ಇಡೀ ತುಂಡಿನ ಕಾರ್ಕು ಎಲ್ಲ ಬಾಟಲಿಗೂ ಸಿಗುವುದಿಲ್ಲ. ಎಷ್ಟೋ ಬಾಟಲಿಗೆ ಹಾಕುವುದು ಕಾರ್ಕಿನ ಕಾಳುಗಳನ್ನು ಅಂಟಿನಿಂದ ಒತ್ತಿ ಮಾಡಿದ್ದನ್ನು. ಅದರ ತಲೆಗೆ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಟೊಪ್ಪಿಯನ್ನು ಮತ್ತೆ ಅಂಟಿನಿಂದಲೇ ಕೂರಿಸಿರುತ್ತಾರೆ. ವರ್ಷಗಟ್ಟಲೆ ಮದ್ಯದ ಆವಿ ಕುಡಿದು ಮೊದಲು ಸೋಲುವುದು ಈ ಟೊಪ್ಪಿಯ ಅಂಟು.

ಈ ಟೊಪ್ಪಿಯ ಕಾರ್ಕಾದರೂ ಬಂದದ್ದು ಯಾವಾಗ? 1913ರಲ್ಲಿ. ಅಲ್ಲಿಯವರೆಗೆ ವಿಸ್ಕಿಗೂ ವೈನಿನ ಹಾಗೆ ಪೂರ್ತಿ ಒಳಗಿಳಿದ ಕಾರ್ಕು, ತೆಗೆಯಲು ತಿರುಪಿನ ಓಪನರ್ ಬೇಕಿತ್ತು. ಟೀಚರ್ಸ್ ಕಂಪನಿಯ ವಿಲಿಯಂ ಬರ್ಗಿಯಸ್ ಎಂಬವರು ಕೈಯಲ್ಲೇ ಎಳೆದು ತೆಗೆದು ಮತ್ತೆ ಮುಚ್ಚಬಹುದಾದ ಟೊಪ್ಪಿ ಕಾರ್ಕು ಮಾಡಿದರು. ತಿರುಪನ್ನು ಹೂತುಬಿಡಿ ಎಂದೇ ಜಾಹೀರಾತು ಕೊಟ್ಟರು. ಮುಂದೆ 1926ರಲ್ಲಿ ವೈಟ್ ಹಾರ್ಸ್‌ನವರು ಲೋಹದ ತಿರುಗಿಸುವ ಮುಚ್ಚಳ ತಂದರು, ಆರು ತಿಂಗಳಲ್ಲಿ ಅವರ ಮಾರಾಟ ಇಮ್ಮಡಿಯಾಯಿತು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ತಿರುಗಿಸುವ ಮುಚ್ಚಳ ಎಂದರೆ ಅಗ್ಗದ ಮಾಲು ಎಂದು ಮೂಗು ಮುರಿಯುವ ಜಾತಿಯೊಂದು ಹುಟ್ಟಿಕೊಂಡಿತು. ಬಾಟಲಿ ತೆಗೆಯುವಾಗ ಟಪ್ ಎಂಬ ಸದ್ದು ಬಾರದಿದ್ದರೆ ಇವರಿಗೆ ವಿಸ್ಕಿ ಒಳಗಿಳಿಯುವುದಿಲ್ಲ. ಆ ಒಂದು ಸದ್ದಿಗಾಗಿ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿಯ, ಹೆಚ್ಚಿನ ಬಾಟಲಿಗಳು ಇನ್ನೂ ಕಾರ್ಕಿಗೇ ಜೋತುಬಿದ್ದಿವೆ.

ಅದೇ 1926ರಲ್ಲಿ ಮೆಕಾಲನ್ ಡಿಸ್ಟಿಲರಿಯಲ್ಲಿ ಬಟ್ಟಿ ಇಳಿಸಿದ ವಿಸ್ಕಿ 263ನೇ ನಂಬರಿನ ಪೀಪಾಯಿ ಸೇರಿತ್ತು. ಅರವತ್ತು ವರ್ಷ ಕಳೆದು 1986ರಲ್ಲಿ ಅದರಿಂದ ಸಿಕ್ಕಿದ್ದು 40 ಬಾಟಲಿ. ಅದರಲ್ಲೊಂದು, ಇಟಲಿಯ ಕಲಾವಿದ ವಲೇರಿಯೊ ಅದಾಮಿ ಚಿತ್ರಿಸಿದ ಲೇಬಲಿನದ್ದು, 2023ರ ನವೆಂಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಸುಮಾರು 22 ಲಕ್ಷ ಪೌಂಡಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕೋಟಿ ರೂಪಾಯಿಗೂ ಮೇಲೆ. ಪತ್ರಿಕೆಗಳು ಬೆಲೆಯನ್ನು ದಪ್ಪ ಅಕ್ಷರದಲ್ಲಿ ಹಾಕಿದವು. ನೋಡಬೇಕಾದ ಸಂಗತಿ ಬೇರೆ ಇತ್ತು: ಹರಾಜಿಗೆ ಮುಂಚೆ ಡಿಸ್ಟಿಲರಿಯವರೇ ಆ ಬಾಟಲಿಯ ಕಾರ್ಕು ಬದಲಾಯಿಸಿ, ಮೇಲಿನ ಹೊದಿಕೆ ಹೊಸದು ಹಾಕಿ, ಎದ್ದಿದ್ದ ಲೇಬಲಿನ ಮೂಲೆಗಳಿಗೆ ಅಂಟು ಹಚ್ಚಿದ್ದರು. ಮೂವತ್ತೇಳು ವರ್ಷಕ್ಕೆ ಅದರ ಬಿರಡೆಯೂ ಬದಲಾಗಬೇಕಾಯಿತು. ಮಾಡಿದ್ದು ಡಿಸ್ಟಿಲರಿ ಎಂದು ಅದರ ಬೆಲೆಗೆ ಕುಂದಾಗಲಿಲ್ಲ. ಬಿಜೈಯಲ್ಲಿ ಕೂತು ನೀವು ಕಾರ್ಕು ಬದಲಾಯಿಸಿದರೆ ಅದು ಸೀಲು ಒಡೆದ ಬಾಟಲಿ. ಯಾವ ಹರಾಜಿನವರೂ ತಿರುಗಿ ನೋಡುವುದಿಲ್ಲ.

ಕಾರ್ಕು ಯಾಕೆ ಮುರಿಯುತ್ತದೆ ಎಂದರೆ ಕಾರಣ ಎರಡೇ. ವೈನಿನ ಬಗ್ಗೆ ಎಲ್ಲೋ ಓದಿದವರು ವಿಸ್ಕಿಯನ್ನೂ ಅಡ್ಡ ಮಲಗಿಸುತ್ತಾರೆ. ವೈನಿನಲ್ಲಿ ಮದ್ಯಸಾರ ಶೇಕಡಾ 12ರಿಂದ 14, ವಿಸ್ಕಿಯಲ್ಲಿ 40ಕ್ಕೆ ಕಡಿಮೆಯಿಲ್ಲ. ಅಷ್ಟು ಖಾರದ್ದರಲ್ಲಿ ವರ್ಷಗಟ್ಟಲೆ ನೆನೆದರೆ ಕಾರ್ಕು ಹಳೆ ರಸ್ಕಿನ ಹಾಗೆ ಉದುರುತ್ತದೆ, ಅದರ ರುಚಿಯೂ ವಿಸ್ಕಿಗೆ ಇಳಿಯುತ್ತದೆ. ಆದ್ದರಿಂದ ನಿಲ್ಲಿಸಿಯೇ ಇಡಬೇಕು. ನಿಲ್ಲಿಸಿ ಇಟ್ಟರೆ ಎರಡನೆಯ ಕಾರಣ: ಕಾರ್ಕು ಒಣಗಿ ಗಾಜಿಗೆ ಕಚ್ಚುತ್ತದೆ. ತೆರೆಯುವ ದಿನ ಸೀಲು ತೆಗೆಯುವ ಮೊದಲು ಬಾಟಲಿಯನ್ನು ಅಡ್ಡ ಹಿಡಿದು ಒಂದೆರಡು ನಿಮಿಷ ಕಾರ್ಕು ಒದ್ದೆಯಾಗಲು ಬಿಡಿ. ಆಮೇಲೆ ನೆಟ್ಟಗೆ ನಿಲ್ಲಿಸಿ, ಟೊಪ್ಪಿಯನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಬಾಟಲಿಯನ್ನು ತಿರುಗಿಸಿ. ಟೊಪ್ಪಿಯನ್ನು ಓರೆಯಾಗಿ ಮೀಟಿದಿರೋ, ಕಾಣೆ ಫ್ರೈ ತಣಿಯಿತೆಂದೇ ತಿಳಿಯಿರಿ.

ಮುರಿದೇ ಹೋದರೆ ಸ್ಕ್ರೂಡ್ರೈವರ್ ಬೇಡ. ವೈನಿನ ತಿರುಪನ್ನು ನಡುವಿಗೆ ಚುಚ್ಚದೆ ಸ್ವಲ್ಪ ಓರೆಯಾಗಿ, ತುದಿ ಗಾಜಿನ ಕಡೆಗೆ ಬರುವಂತೆ ನಿಧಾನ ಇಳಿಸಿದರೆ ಕಾರ್ಕು ಹಿಡಿತಕ್ಕೆ ಸಿಗುತ್ತದೆ. ಸಿಗದಿದ್ದರೆ ಮರ್ಯಾದೆಯಿಂದ ಒಳಗೆ ತಳ್ಳಿ. ಕಾಫಿ ಸೋಸುವ ಕಾಗದದ ಫಿಲ್ಟರಿನಲ್ಲಿ ಇಡೀ ಬಾಟಲಿಯನ್ನು ಸೋಸಿ, ಒಂದು ಹನಿ ನೀರಿಲ್ಲದೆ ಒಣಗಿದ ಇನ್ನೊಂದು ಬಾಟಲಿಗೆ ತುಂಬಿ. ಚಹಾ ಸೋಸುವ ಸ್ಟೀಲಿನ ಜರಡಿಯಲ್ಲಿ ದಪ್ಪ ಚೂರು ನಿಲ್ಲುತ್ತದೆ, ಧೂಳು ನಿಲ್ಲುವುದಿಲ್ಲ. ಮುಚ್ಚಲು ಬೇರೆ ಕಾರ್ಕು ಬೇಕಲ್ಲ? ಅದಕ್ಕೇ ಕುಡಿದು ಮುಗಿದ ಬಾಟಲಿಯ ಕಾರ್ಕುಗಳನ್ನು ಒಂದು ಡಬ್ಬದಲ್ಲಿ ಕೂಡಿಡಬೇಕು. ಎಲ್ಲ ಕುತ್ತಿಗೆಯೂ ಒಂದೇ ಅಳತೆಯದ್ದಲ್ಲ, ಒಂದು ಮಿಲಿಮೀಟರ್ ಹೆಚ್ಚಾದರೆ ಒಳಗೆ ಹೋಗದು, ಕಡಿಮೆಯಾದರೆ ಗಾಳಿ ನುಗ್ಗುತ್ತದೆ. ಸೋಪಿನಲ್ಲಿ ತೊಳೆಯಬೇಡಿ. ಸ್ವಲ್ಪ ವಿಸ್ಕಿಯಲ್ಲೇ ಅದ್ದಿ ಒರೆಸಿದರೆ ಸಾಕು.

ಇನ್ನು ನಮ್ಮ ಊರಿನ ಹವೆ. ಸ್ಕಾಟ್ಲೆಂಡಿನವರು ಬರೆದ ಸಲಹೆಗಳನ್ನು ಓದಿ ಇಲ್ಲಿ ಬಾಟಲಿ ಇಟ್ಟರೆ ಜೂನ್ ಕಳೆಯುವಷ್ಟರಲ್ಲಿ ಲೇಬಲಿಗೆ ಬೂಸ್ಟು. ಕಾರ್ಕಿಗೆ ಈ ತೇವ ಹಿತ, ಕಾಗದಕ್ಕೆ ವೈರಿ. ಲೇಬಲ್ ಉಳಿಸಲೆಂದು ಕಪಾಟಿಗೆ ತೇವ ಹೀರುವ ಯಂತ್ರ ಹಾಕಿದರೆ ಕಾರ್ಕು ಒಣಗುತ್ತದೆ. ಕಾರ್ಕಿಗೆಂದು ಬಿಟ್ಟರೆ ಲೇಬಲ್ ಚುಕ್ಕೆ ಚುಕ್ಕೆ, ಹರಾಜಿನಲ್ಲಿ ಅರ್ಧ ಬೆಲೆ ಅಲ್ಲೇ ಹೋಯಿತು. ದಾರಿ ಎಂದರೆ ಕುತ್ತಿಗೆಯನ್ನು ಬೇರೆ, ಮೈಯನ್ನು ಬೇರೆ ನೋಡಿಕೊಳ್ಳುವುದು. ಲ್ಯಾಬಿನವರು ಬಳಸುವ ಪ್ಯಾರಾಫಿಲ್ಮ್ ಎಂಬ ಮೇಣದಂಥ ತೆಳು ಹಾಳೆ ಸಿಗುತ್ತದೆ. ಇಷ್ಟು ಮೆಡಿಕಲ್ ಕಾಲೇಜುಗಳಿರುವ ಊರಿನಲ್ಲಿ ಅದನ್ನು ಮಾರುವವರಿಗೆ ಬರವಿಲ್ಲ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಇಮ್ಮಡಿ ಉದ್ದವಾಗುವಷ್ಟು ಎಳೆಯುತ್ತಾ ಟೊಪ್ಪಿ ಮತ್ತು ಗಾಜು ಸೇರುವ ಗೆರೆಯ ಮೇಲೆ ಎರಡು ಮೂರು ಸುತ್ತು ಸುತ್ತಬೇಕು. ಎಳೆಯದೆ ಸುತ್ತಿದರೆ ಅದು ಅಂಟಿಕೊಳ್ಳುವುದಿಲ್ಲ. ಮೈಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸಾಕು, ಆದರೆ ಸುತ್ತುವುದು ಜನವರಿಯಲ್ಲಿ. ಜುಲೈಯಲ್ಲಿ ಸುತ್ತಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ರಟ್ಟಿನ ಪೆಟ್ಟಿಗೆ ಬೇರೆ ಕಡೆ ಇರಲಿ, ಅಂಟಿನ ಆಸೆಗೆ ಜಿರಳೆ ಬರುತ್ತದೆ.

ಜಾಗವೆಂದರೆ ಕೆಳಗಿನ ಅಂತಸ್ತು, ಒಳಗೋಡೆ, ಮುಚ್ಚಿದ ಕಪಾಟು. ಹಂಚಿನಡಿಯ ಅಟ್ಟ ಬೇಡವೇ ಬೇಡ. ಏಪ್ರಿಲ್ ಮಧ್ಯಾಹ್ನ ಕಾದು, ರಾತ್ರಿ ಆರಿ, ಹೀಗೆ ದಿನವೂ ಒಳಗಿನ ಗಾಳಿ ಹಿಗ್ಗಿ ಕುಗ್ಗುತ್ತಾ ಮದ್ಯದ ಆವಿಯನ್ನು ಕಾರ್ಕಿನ ಸಂದಿಯಿಂದ ಹೊರದಬ್ಬುತ್ತದೆ. ಭುಜದವರೆಗೆ ಇಳಿದ ಬಾಟಲಿ ನೋಡಿ ಕೆಲಸದವರ ಮೇಲೆ ಗುಮಾನಿ ಪಡುವ ಮುಂಚೆ ಹಂಚನ್ನು ನೋಡಿ. ಪಡುವಣ ಕಿಟಕಿಯ ಎದುರಿನ ಶೋಕೇಸಂತೂ ಬಾಟಲಿಯ ಪಾಲಿನ ನರಕ. ಆದರೆ ನಮ್ಮವರಿಗೆ ಅದು ಅಲ್ಲೇ ಬೇಕು, ಬಂದವರಿಗೆ ಕಾಣಬೇಕಲ್ಲ!

ಡಿಸ್ಟಿಲರಿಯ ವಿಷಯ. ಮುಚ್ಚಿಹೋದ ಡಿಸ್ಟಿಲರಿಯದ್ದು ಕೊಳ್ಳಿ, ಇನ್ನು ಹುಟ್ಟುವುದಿಲ್ಲ ಎಂಬುದು ಹಳೆಯ ಸೂತ್ರ. ಪೋರ್ಟ್ ಎಲೆನ್ ಮತ್ತು ಬ್ರೋರಾ 1983ರಲ್ಲಿ ಬಾಗಿಲು ಹಾಕಿದವು, ರೋಸ್‌ಬ್ಯಾಂಕ್ 1993ರಲ್ಲಿ. ಇನ್ನಿಲ್ಲ ಎಂದು ಜನ ಮುಗಿಬಿದ್ದು ಕೊಂಡರು. ಬೆಲೆ ಏರಿದ್ದನ್ನು ನೋಡಿ ಒಡೆಯರೇ ಬೀಗ ತೆಗೆದರು: ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಶುರುವಾದವು, ರೋಸ್‌ಬ್ಯಾಂಕೂ ಎದ್ದು ಕೂತಿತು. ಹಳೆಯ ದಾಸ್ತಾನು ಹಳೆಯದೇ, ನಿಜ. ಆದರೂ ತಿಥಿ ಊಟ ಮುಗಿಸಿದ ಮೇಲೆ ಆಸಾಮಿ ಮನೆಗೆ ಬಂದರೆ ನೆಂಟರ ಮುಖ ಹೇಗಿರುತ್ತದೆಯೋ ನೋಡಿ. ಅದರ ಮೇಲೆ 2022ರ ನಂತರ ಹರಾಜಿನ ಬೆಲೆಗಳು ಇಳಿಯುತ್ತಲೇ ಬಂದವು. ಬ್ರಿಟನ್ನಿನ ಜೊತೆ 2025ರ ಜುಲೈಯಲ್ಲಿ ಸಹಿಯಾದ ಒಪ್ಪಂದದಲ್ಲಿ ಸ್ಕಾಚಿನ ಆಮದು ಸುಂಕ 150ರಿಂದ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ ಶೇಕಡಾ 40ಕ್ಕೆ ಇಳಿಯಬೇಕೆಂದಿದೆ. ದುಬಾರಿಯಾಗಿದ್ದಾಗ ಇಲ್ಲಿ ಕೊಂಡಿಟ್ಟವರು ಹೂಡಿಕೆ ಎಂಬ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳುವುದು ಒಳ್ಳೆಯದು.

ಮಾರುವುದಾದರೂ ಎಲ್ಲಿ? ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಒಂದು ಬಾಟಲಿ ಮಾರಿದರೂ ಅಪರಾಧ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಮಿತಿಯುಂಟು. ಸ್ಕಾಟ್ಲೆಂಡಿಗೇ ಹೊತ್ತೊಯ್ದು ಹರಾಜು ಹಾಕುತ್ತೇವೆ ಎನ್ನುವ ಉತ್ಸಾಹಿಗಳಿಗೆ: ವಿಮಾನದ ಚೆಕ್-ಇನ್ ಸಾಮಾನಿನಲ್ಲಿ ತಲೆಗೆ 5 ಲೀಟರ್ ಮಿತಿ, ಬ್ರಿಟನ್ನಿನಲ್ಲಿ ಸುಂಕವಿಲ್ಲದೆ 4 ಲೀಟರ್, ಅದೂ ಸ್ವಂತಕ್ಕೆ ಅಥವಾ ಉಡುಗೊರೆಗೆ. ಮಾರಲಿಕ್ಕೆ ತಂದದ್ದಕ್ಕೆ ಆ ವಿನಾಯಿತಿ ಇಲ್ಲ. ಷೇರು ಕೊಂಡವನಿಗೆ ಮಾರಲು ಒಂದು ಗುಂಡಿ ಒತ್ತಿದರಾಯಿತು. ಇವನಿಗೆ ವೀಸಾ ಬೇಕು.

ಬಾಟಲಿ ಬೇಡ, ಪೀಪಾಯಿಯನ್ನೇ ಕೊಳ್ಳಿ ಎಂದು ಫೋನು ಮಾಡುವವರು ಈಗ ಬಂದಿದ್ದಾರೆ. 200 ಲೀಟರಿನ ಪೀಪಾಯಿಯಿಂದ ಅಲ್ಲಿನ ತಂಪಿನಲ್ಲೂ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾದರೆ ಇಪ್ಪತ್ತು ವರ್ಷಕ್ಕೆ ಉಳಿಯುವುದು 133 ಲೀಟರ್. ಮದ್ಯಸಾರ 40ಕ್ಕಿಂತ ಕೆಳಗಿಳಿದರೆ ಅದನ್ನು ಸ್ಕಾಚ್ ಎಂದು ಕರೆಯುವಂತೆಯೇ ಇಲ್ಲ. ಡಿಸ್ಟಿಲರಿಯ ಹೆಸರು ಬಳಸುವ ಹಕ್ಕು ನಿಮಗಿದೆಯೇ, ಪೀಪಾಯಿ ಯಾವ ಗೋದಾಮಿನಲ್ಲಿದೆ, ಗೋದಾಮಿನ ಪುಸ್ತಕದಲ್ಲಿ ಯಾರ ಹೆಸರಿದೆ ಎಂದು ಕೇಳಿ ನೋಡಿ. ಹೆಚ್ಚಿನ ಫೋನುಗಳು ಮೂರನೆಯ ಪ್ರಶ್ನೆಗೆ ಕಟ್ಟಾಗುತ್ತವೆ.

ಖಾಲಿಯಾದ ಬಾಟಲಿಯ ಬಗ್ಗೆಯೂ ಒಂದು ಮಾತು. ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಜ್‌ನ ಹೋಟೆಲೊಂದರಲ್ಲಿ 2017ರಲ್ಲಿ ಚೀನಾದ ಗಿರಾಕಿಯೊಬ್ಬರು 1878ರ ಮೆಕಾಲನ್ ಎಂದು ಒಂದು ಪೆಗ್ಗಿಗೆ ಹತ್ತಿರ ಹತ್ತಿರ 10,000 ಫ್ರಾಂಕ್ ಕೊಟ್ಟರು. ಪರೀಕ್ಷೆ ಮಾಡಿಸಿದರೆ ಒಳಗಿದ್ದದ್ದು 1970ರ ಆಚೀಚಿನ ಬ್ಲೆಂಡು, ಅಂದರೆ ಬೆರಕೆ ವಿಸ್ಕಿ. ಹಣ ವಾಪಸಾಯಿತು, ಮಾತು ಬೇರೆ. ಇಂಥ ನಕಲಿ ಕಸುಬಿನವರಿಗೆ ಬೇಕಾದದ್ದು ಒಳ್ಳೆಯ ಲೇಬಲಿನ ಖಾಲಿ ಬಾಟಲಿ, ಅದರದ್ದೇ ಕಾರ್ಕು ಮತ್ತು ಪೆಟ್ಟಿಗೆ. ಆದ್ದರಿಂದ ಗುಜರಿಯವನಿಗೆ ಹಾಕುವ ಮುಂಚೆ ಕೀಲಿಕೈಯಿಂದ ಲೇಬಲಿನ ಮೇಲೆ ಅಡ್ಡಕ್ಕೆರಡು ಗೀರು ಎಳೆಯಿರಿ. ಪೆಟ್ಟಿಗೆ ಹರಿದುಹಾಕಿ. ಕಾರ್ಕು ಡಬ್ಬಕ್ಕೆ.